ದೊಡ್ಡ ಎಂಜಿನಿಯರಿಂಗ್ ಕಾಲೇಜಿಗೆ ಅರ್ಜಿ ಹಾಕಬೇಕಾ ಬೇಡವಾ? ರಾಯಚೂರು, ಕೊಪ್ಪಳ, ಬಳ್ಳಾರಿ ಮಕ್ಕಳಿಗೆ

ದಸರಾ ರಜೆ ಮುಗಿಯುತ್ತಿದ್ದ ಹಾಗೆ ಎರಡನೇ ಪಿಯುಸಿ ಸೈನ್ಸ್ ಮಕ್ಕಳ ಮನೆಗಳಲ್ಲಿ ಒಂದು ಮಾತು ಶುರುವಾಗುತ್ತದೆ. ಜೆಇಇ ಹಾಕೋದಾ, ಬೇಡವಾ? ಐಐಟಿ, ಸುರತ್ಕಲ್ ಅಂತೆಲ್ಲ ನಮಗೆ ಆಗುತ್ತಾ? ಸಿಇಟಿ ಬರೆದು ಇಲ್ಲೇ ಎಲ್ಲಾದರೂ ಸೇರಿದರೆ ಸಾಲದಾ? (ಜೆಇಇ ಅಂದರೆ ಐಐಟಿ, ಸುರತ್ಕಲ್ಲಿನ ಎನ್‌ಐಟಿಯಂಥ ಕೇಂದ್ರದ ಎಂಜಿನಿಯರಿಂಗ್ ಸಂಸ್ಥೆಗಳ ಪ್ರವೇಶ ಪರೀಕ್ಷೆ, ಸಿಇಟಿ ಅಂದರೆ ನಮ್ಮ ರಾಜ್ಯದ ಕಾಲೇಜುಗಳದು.) ಸಿಂಧನೂರು, ಮಾನ್ವಿ, ಗಂಗಾವತಿ, ಕುಷ್ಟಗಿ, ಸಿರುಗುಪ್ಪ, ಎಲ್ಲಿಗೆ ಹೋದರೂ ಇದೇ ಮಾತು. ಬಹಳ ಮನೆಗಳಲ್ಲಿ ಅದು "ನಮ್ಮಂಥವರಿಗೆ ಎಲ್ಲಿ ಸಿಗುತ್ತೆ ಬಿಡು" ಅನ್ನುವಲ್ಲಿಗೆ ನಿಂತುಹೋಗುತ್ತದೆ. ಲೆಕ್ಕ ಹಾಕದೆ, ಪಟ್ಟಿ ನೋಡದೆ, ಬರೀ ಅಂಜಿಕೆಯಿಂದ ಹೀಗೆ ಕೈಬಿಡುವುದು ನನಗೆ ಬಹಳ ಬೇಜಾರು ತರಿಸುತ್ತದೆ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಮೊದಲು ಎರಡು ವಿಷಯ ಬೇರೆ ಬೇರೆ ಮಾಡಿಕೊಳ್ಳಿ. ಅರ್ಜಿ ಹಾಕುವುದು ಒಂದು. ಅದಕ್ಕಾಗಿ ಎರಡು ವರ್ಷ ಮತ್ತು ಲಕ್ಷಗಟ್ಟಲೆ ದುಡ್ಡು ಹಾಕುವುದು ಇನ್ನೊಂದು. ನಮ್ಮಲ್ಲಿ ಎರಡನ್ನೂ ಒಂದೇ ಗಂಟು ಕಟ್ಟಿ, ಕೋಚಿಂಗ್ ಸೇರಿಸಲು ಆಗಲಿಲ್ಲ ಅಂತ ಅರ್ಜಿಯನ್ನೇ ಹಾಕುವುದಿಲ್ಲ. ಜೆಇಇ ಮೇನ್ ಫೀ ಸಾಮಾನ್ಯ ವರ್ಗದ ಹುಡುಗರಿಗೆ ಒಂದು ಸಾವಿರದ ಆಸುಪಾಸು, ಹುಡುಗಿಯರಿಗೆ ಮತ್ತು ಎಸ್‌ಸಿ, ಎಸ್‌ಟಿ ಮಕ್ಕಳಿಗೆ ಇನ್ನೂ ಕಡಿಮೆ. ಪಿಯುಸಿಯಲ್ಲಿ ಗಣಿತ, ಭೌತಶಾಸ್ತ್ರ ಒಂದು ಮಟ್ಟಕ್ಕೆ ಬರುತ್ತಿದ್ದರೆ ಅರ್ಜಿ ಹಾಕಿಬಿಡಿ, ಅದಕ್ಕೆ ಜಾಸ್ತಿ ಯೋಚನೆ ಬೇಡ. ಕನ್ನಡದಲ್ಲೂ ಪ್ರಶ್ನೆಪತ್ರಿಕೆ ಸಿಗುತ್ತದೆ, ಫಾರ್ಮ್ ತುಂಬುವಾಗಲೇ ಆರಿಸಿಕೊಳ್ಳಬೇಕು. ಮೇನ್ ಆದ ಮೇಲೆ ಐಐಟಿಗಾಗಿ ಬರೆಯುವ ಜೆಇಇ ಅಡ್ವಾನ್ಸ್ಡ್ ಮಾತ್ರ ಇಂಗ್ಲಿಷ್ ಮತ್ತು ಹಿಂದಿಯಲ್ಲಷ್ಟೇ. ಯೋಚನೆ ಮಾಡಬೇಕಾದದ್ದು ಎರಡನೆಯದರ ಬಗ್ಗೆ: ಅದಕ್ಕಾಗಿ ಎಷ್ಟು ದೂರ ಹೋಗಬೇಕು ಅನ್ನುವುದು.

ಸಿಇಟಿ ಲೆಕ್ಕ

ಜೆಇಇ ಕಡೆ ಎಷ್ಟು ವಾಲಬೇಕು ಅಂತ ತೀರ್ಮಾನ ಮಾಡುವ ಮುಂಚೆ ಸಿಇಟಿ ಹೇಗೆ ನಡೆಯುತ್ತದೆ ಅಂತ ಸರಿಯಾಗಿ ಗೊತ್ತಿರಬೇಕು, ಯಾಕೆಂದರೆ ನಮ್ಮ ಕಡೆಯ ಬಹುತೇಕ ಮಕ್ಕಳಿಗೆ ಸೀಟು ಸಿಗುವುದು ಅಲ್ಲಿಂದಲೇ. ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಒಂದೊಂದಕ್ಕೆ 60 ಪ್ರಶ್ನೆ, 60 ಅಂಕ, 80 ನಿಮಿಷ. ಒಟ್ಟು 180. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಎಂಜಿನಿಯರಿಂಗ್ ರ‍್ಯಾಂಕಿಗೆ ಅರ್ಧ ಭಾಗ ಸಿಇಟಿ, ಅರ್ಧ ಭಾಗ ಪಿಯುಸಿಯ ಅದೇ ಮೂರು ವಿಷಯಗಳ ಅಂಕ.

ಒಂದು ಉದಾಹರಣೆ ನೋಡಿ. ಒಬ್ಬಳಿಗೆ ಪಿಯುಸಿಯಲ್ಲಿ ಮೂರು ವಿಷಯ ಸೇರಿ 300ಕ್ಕೆ 270, ಸಿಇಟಿಯಲ್ಲಿ 180ಕ್ಕೆ 90. ಅಂದರೆ ಶೇ. 90 ಮತ್ತು ಶೇ. 50, ಸರಾಸರಿ 70. ಇನ್ನೊಬ್ಬ ಜೆಇಇ ಕೋಚಿಂಗ್ ಅಂತ ಪಿಯುಸಿ ಪುಸ್ತಕ ಮುಟ್ಟಲೇ ಇಲ್ಲ, ಅವನಿಗೆ 300ಕ್ಕೆ 210. ಸಿಇಟಿಯಲ್ಲಿ 110 ತೆಗೆದ. ಶೇ. 70 ಮತ್ತು ಶೇ. 61, ಸರಾಸರಿ ಸುಮಾರು 65.5. ಪರೀಕ್ಷೆ ಹಾಲ್‌ನಲ್ಲಿ ಇಪ್ಪತ್ತು ಅಂಕ ಮುಂದಿದ್ದವನು ರ‍್ಯಾಂಕಿನಲ್ಲಿ ಹಿಂದೆ ಬಿದ್ದ. ಸಿಇಟಿಯ 3 ಅಂಕ ಪಿಯುಸಿಯ 5 ಅಂಕಕ್ಕೆ ಸಮ, ಈ ಲೆಕ್ಕ ನೆನಪಿಟ್ಟುಕೊಂಡರೆ ಯಾವುದಕ್ಕೆ ಎಷ್ಟು ಹೊತ್ತು ಕೊಡಬೇಕು ಅಂತ ನೀವೇ ತೂಗಿ ನೋಡಬಹುದು.

ಐಐಟಿ, ಎನ್‌ಐಟಿ, ಐಐಐಟಿಗಳಲ್ಲೂ ಪಿಯುಸಿಯನ್ನು ಬಿಡಲು ಬರುವುದಿಲ್ಲ. ಹನ್ನೆರಡನೇ ತರಗತಿಯಲ್ಲಿ ಶೇ. 75 ಇರಬೇಕು, ಎಸ್‌ಸಿ, ಎಸ್‌ಟಿ ಮಕ್ಕಳಿಗೆ ಶೇ. 65, ಅಥವಾ ತಮ್ಮ ಬೋರ್ಡಿನ ಮೇಲಿನ 20 ಪರ್ಸೆಂಟೈಲ್ ಒಳಗೆ, ಅಂದರೆ ಹೆಚ್ಚು ಅಂಕದ ಶೇ. 20 ಮಂದಿಯಲ್ಲಿ, ಬರಬೇಕು. ಜೆಇಇ ರ‍್ಯಾಂಕ್ ಬಂದು ಇಲ್ಲಿ ಸಿಕ್ಕಿಬಿದ್ದರೆ ಹೊಟ್ಟೆ ಉರಿಯುತ್ತದೆ.

371 ಜೆ, ಮತ್ತು ಅದು ನಡೆಯದ ಜಾಗ

ಸಂವಿಧಾನದ 371 ಜೆ ಕಲಮಿನಿಂದ ನಮಗೆ ಸಿಕ್ಕಿರುವುದು ದೊಡ್ಡದು. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ಈಗ ವಿಜಯನಗರ ಸೇರಿ ಇಡೀ ಕಲ್ಯಾಣ ಕರ್ನಾಟಕದ ಮಕ್ಕಳಿಗೆ ಇಲ್ಲಿನ ಕಾಲೇಜುಗಳಲ್ಲಿ ಶೇ. 70 ಸೀಟು, ರಾಜ್ಯದ ಉಳಿದ ಕಡೆ ಶೇ. 8 ಸೀಟು ಮೀಸಲು. ಎಲ್ಲರೂ 70ರ ಬಗ್ಗೆ ಮಾತಾಡುತ್ತಾರೆ. ನನ್ನ ಪ್ರಕಾರ ಓದುವ ಮಕ್ಕಳು ಕಣ್ಣಿಡಬೇಕಾದದ್ದು ಆ 8ರ ಮೇಲೆ. ಬೆಂಗಳೂರಿನ ಆರ್‌ವಿ, ಬಿಎಂಎಸ್ ಕಾಲೇಜುಗಳಲ್ಲಿ, 1917ರಲ್ಲಿ ಶುರುವಾದ ಯುವಿಸಿಇಯಲ್ಲಿ, ಸಿಇಟಿ ನಡೆಸುವ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ತುಂಬುವ ಸೀಟುಗಳಲ್ಲಿ ನಮ್ಮ ಕಡೆಯವರ ಪಾಲು ಅಂತ ಇದೆ. ಕೆಇಎ ಪ್ರತಿ ಸುತ್ತು ಮುಗಿದ ಮೇಲೆ ಕಟಾಫ್ ಪಟ್ಟಿ ಹಾಕುತ್ತದೆ, ಕಲ್ಯಾಣ ಕರ್ನಾಟಕದ್ದು ಬೇರೆ ಇರುತ್ತದೆ. ನಿಮ್ಮ ಲೆಕ್ಚರರ್ ಅಥವಾ ಕೋಚಿಂಗ್ ಸೆಂಟರಿನವರು ಬಾಯಲ್ಲಿ ಹೇಳುವ ಕಟಾಫ್ ಬಹಳ ಸಲ ಸಾಮಾನ್ಯ ಪಟ್ಟಿಯದು. ಅದನ್ನು ಕೇಳಿ ಹೆದರಬೇಡಿ. ನಮ್ಮ ಪಟ್ಟಿ ತೆಗೆದು, ನಿಮ್ಮ ಕೆಟಗರಿಯ ಸಾಲು ನೋಡಿ. ಒಂದು ವರ್ಷದ್ದು ಸಾಲದು, ಹಿಂದಿನ ಮೂರು ವರ್ಷದ್ದು ಪಕ್ಕಪಕ್ಕ ಇಡಿ. ಜಿಎಂ ಅಂದರೆ ಸಾಮಾನ್ಯ ವರ್ಗ, ಅದರಲ್ಲಿ ಜಿಎಂಆರ್ ಗ್ರಾಮೀಣದವರದು, ಜಿಎಂಕೆ ಕನ್ನಡ ಮಾಧ್ಯಮದವರದು. ಒಂದರಿಂದ ಹತ್ತರವರೆಗೆ ಹಳ್ಳಿಯಲ್ಲಿ ಓದಿದವರಿಗೆ ಶೇ. 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ. 5 ಮೀಸಲಿದೆ. ಲಿಂಗಸೂಗೂರಿನ ಪಕ್ಕದ ಹಳ್ಳಿ ಶಾಲೆಯಲ್ಲಿ ಕನ್ನಡದಲ್ಲಿ ಓದಿದ ಹುಡುಗಿ ಅದನ್ನು ಮುಚ್ಚಿಡುವುದೇನಿಲ್ಲ, ಧೈರ್ಯವಾಗಿ ಕಾಲಂ ತುಂಬಬೇಕು.

ಈಗ 371 ಜೆ ನಡೆಯದ ಜಾಗಕ್ಕೆ ಬರೋಣ. ಕೇಂದ್ರದ ಸಂಸ್ಥೆಗಳಲ್ಲಿ ಇದು ಇಲ್ಲ. ರಾಯಚೂರಿನಲ್ಲಿ ಐಐಐಟಿ (ಮಾಹಿತಿ ತಂತ್ರಜ್ಞಾನ ಸಂಸ್ಥೆ) ಬಂದು ಕೆಲವು ವರ್ಷ ಆಯಿತು. 2019ರಲ್ಲಿ ಹೈದರಾಬಾದ್ ಐಐಟಿ ಆವರಣದಲ್ಲಿ ಶುರುವಾಗಿ ಆಮೇಲೆ ಊರಿಗೆ ಬಂತು. ಹೆಸರಲ್ಲಿ ರಾಯಚೂರು ಇದೆ ಅಂತ ರಾಯಚೂರಿನವರಿಗೆ ಸೀಟು ಇಟ್ಟಿಲ್ಲ. ಜೆಇಇ ಮೇನ್ ರ‍್ಯಾಂಕ್ ಮೇಲೆ ಇಡೀ ದೇಶಕ್ಕೆ ಒಂದೇ ಪಟ್ಟಿ. ಧಾರವಾಡ ಐಐಟಿಯೂ ಹಾಗೆಯೇ, ಅಲ್ಲಿಗೆ ಅಡ್ವಾನ್ಸ್ಡ್ ಕೂಡ ಬರೆಯಬೇಕು. ಸುರತ್ಕಲ್ಲಿನ ಎನ್‌ಐಟಿಕೆಯಲ್ಲಿ ಮಾತ್ರ ಅರ್ಧ ಸೀಟು ಕರ್ನಾಟಕದವರಿಗೆ.

ಇಲ್ಲಿ ಒಂದು ಮಾತು ದಪ್ಪ ಅಕ್ಷರದಲ್ಲಿ ಬರೆದಂತೆ ಓದಿಕೊಳ್ಳಿ. ಎನ್‌ಐಟಿ ಲೆಕ್ಕದಲ್ಲಿ ನಿಮ್ಮ ರಾಜ್ಯ ಯಾವುದು ಅಂದರೆ ಹನ್ನೆರಡನೇ ತರಗತಿ ಎಲ್ಲಿ ಪಾಸಾದಿರಿ ಅನ್ನುವುದು. ಎಲ್ಲಿ ಹುಟ್ಟಿದಿರಿ, ಎಲ್ಲಿ ಮನೆ ಇದೆ ಅನ್ನುವುದಲ್ಲ. ರಾಯಚೂರಿನಿಂದ ಹೈದರಾಬಾದ್ ಹತ್ತಿರ, ಅದಕ್ಕೇ ಹತ್ತನೇ ಕ್ಲಾಸ್ ಮುಗಿದ ಕೂಡಲೇ ಬಹಳ ಮಕ್ಕಳನ್ನು ಅಲ್ಲಿನ ಇಂಟರ್‌ಮೀಡಿಯೆಟ್ ಕಾಲೇಜಿಗೆ ಸೇರಿಸುತ್ತಾರೆ. ಆ ಮಗು ತೆಲಂಗಾಣದಲ್ಲಿ ಪಾಸಾದರೆ ಎನ್‌ಐಟಿಗೆ ತೆಲಂಗಾಣದವನೇ. ಅವನಿಗೆ ವಾರಂಗಲ್ ತವರಾಗುತ್ತದೆ, ಸುರತ್ಕಲ್ ಹೊರಗಿನದಾಗುತ್ತದೆ. ಸಿಇಟಿಗೂ ಕರ್ನಾಟಕದಲ್ಲಿ ಏಳು ವರ್ಷ ಓದಿರಬೇಕು ಅನ್ನುವ ನಿಯಮ ಇದೆ, ಆ ವರ್ಷದ ಬ್ರೋಷರ್ ಓದಿ ನಿಮ್ಮ ಮಗು ಯಾವ ಕಲಮಿನಲ್ಲಿ ಬರುತ್ತದೆ ನೋಡಿಕೊಳ್ಳಿ. ಹೈದರಾಬಾದ್ ಬೇಡ ಅಂತ ನಾನು ಹೇಳುತ್ತಿಲ್ಲ. ಗೊತ್ತಿದ್ದು ಕಳಿಸಿ ಅಂತ ಹೇಳುತ್ತಿದ್ದೇನೆ.

ಎಲ್ಲಿ ನಿಂತಿದ್ದೀರಿ ಅಂತ ನೋಡಿಕೊಳ್ಳುವುದು

ಮೂರು ಗಂಟೆ, ಒಂದು ಹಳೇ ಪ್ರಶ್ನೆಪತ್ರಿಕೆ, ಇಷ್ಟು ಸಾಕು. ಜೆಇಇ ಮೇನ್ ಹಳೇ ಪತ್ರಿಕೆಗಳು ಆ ಪರೀಕ್ಷೆ ನಡೆಸುವ ಎನ್‌ಟಿಎ ಸೈಟಿನಲ್ಲಿ ಪುಕ್ಕಟೆ ಸಿಗುತ್ತವೆ. ಭಾನುವಾರ ಬೆಳಿಗ್ಗೆ ಕೂರಿ. ಫೋನ್ ಅಮ್ಮನ ಕೈಗೆ ಕೊಡಿ. 75 ಪ್ರಶ್ನೆ, ಸರಿ ಉತ್ತರಕ್ಕೆ 4, ತಪ್ಪಿಗೆ 1 ಕಳೆಯುತ್ತದೆ. ನಡುವೆ ಏಳಬೇಡಿ, ಉತ್ತರ ನೋಡಬೇಡಿ, ಕರೆಂಟ್ ಹೋದರೂ ಬಾಗಿಲ ಹತ್ತಿರ ಕುಳಿತು ಮುಗಿಸಿ. ಆಮೇಲೆ ಅಂಕಕ್ಕಿಂತ ಮೊದಲು ತಪ್ಪಾದವುಗಳನ್ನು ತೆಗೆದು ನೋಡಿ. ಪ್ರಶ್ನೆ ಓದಿದಾಗ ಇದು ಯಾವ ಪಾಠದ್ದು ಅಂತಲೇ ಗೊತ್ತಾಗದ್ದು ಎಷ್ಟು? ಗೊತ್ತಿತ್ತು, ಆದರೆ ಹೊತ್ತು ಸಾಲಲಿಲ್ಲ ಅನ್ನುವುದು ಎಷ್ಟು? ಲೆಕ್ಕ ಸರಿ ಮಾಡಿ ಕೊನೆಯಲ್ಲಿ ಮೈನಸ್ ಬಿಟ್ಟದ್ದು ಎಷ್ಟು? ಎರಡನೆಯದು ಮತ್ತು ಮೂರನೆಯದು ಜಾಸ್ತಿ ಇದ್ದರೆ ನಾಲ್ಕು ತಿಂಗಳಲ್ಲಿ ಸುಧಾರಿಸುವ ಮಗು ಅದು, ಧೈರ್ಯವಾಗಿ ಜೆಇಇ ಹಿಂದೆ ಬೀಳಬಹುದು. ಮೊದಲನೆಯದೇ ಜಾಸ್ತಿ ಇದ್ದರೆ, ಅದೂ ನವೆಂಬರ್ ಹೊತ್ತಿಗೆ, ಪಿಯುಸಿ ಮತ್ತು ಸಿಇಟಿಗೆ ಪೂರ್ತಿ ಗಮನ ಕೊಡುವುದು ಒಳ್ಳೆಯದು. ಜೆಇಇ ಆಗಲೂ ಬರೆಯಿರಿ, ಆದರೆ ಅದಕ್ಕಾಗಿ ನಿದ್ದೆ ಕೆಡಬೇಡಿ.

ಇದನ್ನು ಒಂದೇ ಸಲ ಮಾಡಿ ತೀರ್ಮಾನಕ್ಕೆ ಬರಬೇಡಿ. ಹದಿನೈದು ದಿನಕ್ಕೆ ಒಂದರಂತೆ ಮೂರ‍್ನಾಲ್ಕು ಪತ್ರಿಕೆ ಬರೆದ ಮೇಲೆ ಅಂಕ ಏರುತ್ತಿದೆಯಾ, ನಿಂತಲ್ಲೇ ನಿಂತಿದೆಯಾ ಅಂತ ಕಾಣುತ್ತದೆ.

ಪರ್ಸೆಂಟೈಲ್ ಅಂದರೆ ಪರ್ಸೆಂಟೇಜ್ ಅಲ್ಲ ಅನ್ನುವುದನ್ನು ಮನೆಯವರಿಗೂ ಬಿಡಿಸಿ ಹೇಳಿ. ಹದಿನೈದು ಲಕ್ಷ ಮಂದಿ ಬರೆದರು ಅಂದುಕೊಳ್ಳಿ. 95 ಪರ್ಸೆಂಟೈಲ್ ಬಂತು ಅಂದರೆ ನಿಮ್ಮ ಮುಂದೆ ಸುಮಾರು 75 ಸಾವಿರ ಮಂದಿ ಇದ್ದಾರೆ. ಊರಲ್ಲಿ ಪೇಢಾ ಹಂಚುವಷ್ಟು ಒಳ್ಳೆಯ ಸಾಧನೆ ಅದು, ಆದರೆ ಸಾಮಾನ್ಯ ವರ್ಗದಲ್ಲಿ ಸುರತ್ಕಲ್ ಕಂಪ್ಯೂಟರ್ ಸೈನ್ಸ್‌ಗೆ ಕೆಲವೇ ಸಾವಿರದೊಳಗಿನ ರ‍್ಯಾಂಕ್ ಬೇಕು. ಐಐಟಿ, ಎನ್‌ಐಟಿ, ಐಐಐಟಿ ಸೀಟು ಹಂಚುವ ಜೋಸಾ ಸೈಟಿನಲ್ಲಿ ಹಿಂದಿನ ವರ್ಷಗಳ ಓಪನಿಂಗ್, ಕ್ಲೋಸಿಂಗ್ (ಸೀಟು ಸಿಕ್ಕ ಮೊದಲ, ಕೊನೆಯ) ರ‍್ಯಾಂಕ್ ಎಲ್ಲ ಇದೆ. ಕಾಲೇಜು, ಬ್ರಾಂಚ್, ಹೋಮ್ ಸ್ಟೇಟ್, ಕೆಟಗರಿ, ಇಷ್ಟು ಆರಿಸಿ ನೋಡಿ. ಹೆಣ್ಣುಮಕ್ಕಳ ಸಾಲು ಬೇರೆ ಇರುತ್ತದೆ. 2018ರಿಂದ ಐಐಟಿ, ಎನ್‌ಐಟಿಗಳಲ್ಲಿ ಹುಡುಗಿಯರಿಗೆ ಹೆಚ್ಚುವರಿ ಸೀಟು ಇಟ್ಟಿದ್ದಾರೆ, ಬಹಳ ಕಡೆ ಅವರ ಕ್ಲೋಸಿಂಗ್ ರ‍್ಯಾಂಕ್ ಸಾಕಷ್ಟು ಕೆಳಗೆ ಇಳಿಯುತ್ತದೆ. ಮಗಳನ್ನು ಅಷ್ಟು ದೂರ ಹೇಗೆ ಕಳಿಸೋದು ಅನ್ನುವ ಅಪ್ಪಂದಿರಿಗೆ ಒಂದು ಮಾತು: ಈ ಕಾಲೇಜುಗಳಲ್ಲಿ ಆವರಣದೊಳಗೇ ಹಾಸ್ಟೆಲ್ ಇರುತ್ತದೆ. ಒಮ್ಮೆ ಹೋಗಿ ಕಣ್ಣಾರೆ ನೋಡಿ ಬನ್ನಿ, ಆಮೇಲೆ ಬೇಡ ಅನ್ನಿ.

ಕೋಚಿಂಗ್, ಲಾಂಗ್ ಟರ್ಮ್, ದುಡ್ಡು

ಎರಡು ವರ್ಷದ ರೆಸಿಡೆನ್ಷಿಯಲ್ ಕಾಲೇಜಿಗೆ ಕೆಲವು ಲಕ್ಷ ಹೋಗುತ್ತದೆ. ಭತ್ತದ ದುಡ್ಡು ಬರುವುದನ್ನೇ ಕಾಯುವ ಮನೆ, ಹತ್ತಿ ಮಾರಿ ಸಾಲ ತೀರಿಸುವ ಮನೆ, ಅಲ್ಲಿ ಇದು ಸಣ್ಣ ಮಾತಲ್ಲ. ಹತ್ತನೇ ತರಗತಿಯಲ್ಲಿ ಗಣಿತದ ಲೆಕ್ಕವನ್ನು ಯಾರೂ ಹೇಳದೆ ತಾನೇ ಕುಳಿತು ಬಿಡಿಸುವ ಚಟ ಇದ್ದ ಮಗುವಿಗೆ ಆ ಖರ್ಚು ಉಪಯೋಗಕ್ಕೆ ಬರುತ್ತದೆ. ಬಾಯಿಪಾಠದಿಂದ 600 ದಾಟಿದ ಮಗುವನ್ನು ಬರೀ ಅಂಕ ನೋಡಿ ಕಳಿಸಿದರೆ ಅಲ್ಲಿ ಅದು ಒದ್ದಾಡುತ್ತದೆ. ಮಗುವನ್ನೇ ಕೇಳಿ. ಪಕ್ಕದ ಮನೆಯ ಹುಡುಗ ಹೋದ ಅಂತ ಕಳಿಸಬೇಡಿ.

ಒಂದು ವರ್ಷ ಬಿಟ್ಟು ಲಾಂಗ್ ಟರ್ಮ್ ಮಾಡುವ ಬಗ್ಗೆ ನನ್ನ ಅಭಿಪ್ರಾಯ ಗಟ್ಟಿಯಾಗಿಯೇ ಇದೆ. ಸಿಇಟಿ ರ‍್ಯಾಂಕ್ ಸುಧಾರಿಸಲು ಮಾತ್ರ ಒಂದು ವರ್ಷ ಬಿಡಬೇಡಿ. ಪಿಯುಸಿಯ ಅರ್ಧ ಭಾಗ ಹಳೆಯದೇ ಉಳಿಯುತ್ತದೆ, ಏರಿಸಲು ಸಿಗುವುದು ಸಿಇಟಿಯ ಅರ್ಧ ಮಾತ್ರ. ಜೆಇಇಗೆ ಬಿಡುವುದಾದರೆ ಮೊದಲ ಸಲವೇ ಹತ್ತಿರ ಬಂದು ತಪ್ಪಿರಬೇಕು, ಮತ್ತು ಓದಬೇಕು ಅನ್ನುವ ಹಟ ಮಗುವಿನದಾಗಿರಬೇಕು. ಅಡ್ವಾನ್ಸ್ಡ್ ಬರೆಯಲು ಸಿಗುವುದು ಸತತ ಎರಡು ವರ್ಷ ಮಾತ್ರ, ಅದಕ್ಕೂ ಮೇನ್‌ನಲ್ಲಿ ಮೊದಲ ಎರಡೂವರೆ ಲಕ್ಷದೊಳಗೆ ಬಂದಿರಬೇಕು.

ಇನ್ನು ಓದುವ ಖರ್ಚು. ಐಐಟಿ ಅಂದರೆ ಶ್ರೀಮಂತರಿಗೆ ಅಂತ ನಮ್ಮ ಕಡೆ ಒಂದು ನಂಬಿಕೆ ಇದೆ. ಬಡವರ ಮನೆಗೆ ಅದು ಉಲ್ಟಾ. ಐಐಟಿ ಟ್ಯೂಷನ್ ಫೀ ವರ್ಷಕ್ಕೆ ಎರಡು ಲಕ್ಷ, ಎನ್‌ಐಟಿಯಲ್ಲಿ ಒಂದೂಕಾಲು ಲಕ್ಷ. ಆದರೆ ಎಸ್‌ಸಿ, ಎಸ್‌ಟಿ ಮಕ್ಕಳಿಗೆ ಅದು ಪೂರ್ತಿ ಮಾಫಿ. ಉಳಿದವರಲ್ಲೂ ಮನೆಯ ಆದಾಯ ವರ್ಷಕ್ಕೆ ಒಂದು ಲಕ್ಷದೊಳಗಿದ್ದರೆ ಪೂರ್ತಿ ಮಾಫಿ, ಐದು ಲಕ್ಷದೊಳಗಿದ್ದರೆ ಮೂರರಲ್ಲಿ ಎರಡು ಪಾಲು ಮಾಫಿ. ಹಾಸ್ಟೆಲ್, ಮೆಸ್ ಖರ್ಚು ಬೇರೆ. ರಾಯಚೂರಿನಂಥ ಪಿಪಿಪಿ (ಸರ್ಕಾರ, ಖಾಸಗಿ ಪಾಲುದಾರಿಕೆ) ಮಾದರಿಯ ಐಐಐಟಿಗಳಲ್ಲಿ ಇದೇ ರಿಯಾಯಿತಿ ಇರುತ್ತದೆ ಅಂದುಕೊಳ್ಳಬೇಡಿ, ಅಲ್ಲಿನ ಫೀ ಪಟ್ಟಿ ನೋಡಿಯೇ ಲೆಕ್ಕ ಹಾಕಿ. ಸಿಇಟಿಯಲ್ಲಿ ಎಸ್‌ಎನ್‌ಕ್ಯೂ ಅಂತ ಒಂದು ಕೋಟಾ ಇದೆ, ಮನೆಯ ಆದಾಯ ಎಂಟು ಲಕ್ಷದೊಳಗಿದ್ದು ರ‍್ಯಾಂಕ್ ಚೆನ್ನಾಗಿದ್ದರೆ ಟ್ಯೂಷನ್ ಫೀ ಇಲ್ಲದೆ ಸೀಟು ಸಿಗುತ್ತದೆ. ಅರ್ಜಿಯಲ್ಲಿ ಆ ಪ್ರಶ್ನೆಗೆ ಹೌದು ಅಂತ ಕೊಡುವುದನ್ನೇ ಬಹಳ ಜನ ಮರೆಯುತ್ತಾರೆ. ಸಾಲ ಬೇಕಾದರೆ ರಾಜ್ಯದ ನಿಗಮಗಳ ಅರಿವು ಯೋಜನೆ, ಕೇಂದ್ರದ ಪಿಎಂ ವಿದ್ಯಾಲಕ್ಷ್ಮಿ ಎರಡನ್ನೂ ವಿಚಾರಿಸಿ. ಹೊಲ ಮಾರುವ ಮಾತು ಅದಾದ ಮೇಲೆ.

ಕಾಗದ ಪತ್ರ

ಇದು ಚಿಕ್ಕ ವಿಷಯ ಅನಿಸುತ್ತದೆ, ಆದರೆ ರ‍್ಯಾಂಕ್ ಬಂದೂ ಸೀಟು ಕೈತಪ್ಪುವುದು ಇಲ್ಲೇ. ಎಸ್ಸೆಸ್ಸೆಲ್ಸಿ ಮಾರ್ಕ್ಸ್‌ಕಾರ್ಡಿನಲ್ಲಿ "ವೀರೇಶ", ಆಧಾರಿನಲ್ಲಿ "ವೀರೇಶ ಹನುಮಂತಪ್ಪ", ಜಾತಿ ಪ್ರಮಾಣಪತ್ರದಲ್ಲಿ "ಎಚ್ ವೀರೇಶ" ಅಂತ ಮೂರು ಕಡೆ ಮೂರು ಹೆಸರು ಇದ್ದರೆ ಅರ್ಜಿ ಹಾಕುವ ದಿನ ಸೈಬರ್ ಸೆಂಟರಿನಲ್ಲಿ ಕುಳಿತು ಏನೂ ಮಾಡಲಾಗುವುದಿಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ಹೇಗಿದೆಯೋ ಹಾಗೆ ಉಳಿದದ್ದನ್ನು ಬೇಸಿಗೆಯಲ್ಲೇ ತಿದ್ದಿಸಿ. ಜಾತಿ, ಆದಾಯ ಪ್ರಮಾಣಪತ್ರ ನಾಡಕಚೇರಿಯಲ್ಲಿ ಸಿಗುತ್ತದೆ, ಅದರ ಮೇಲಿನ ಆರ್‌ಡಿ ನಂಬರ್ ಸಿಇಟಿ ಅರ್ಜಿಗೆ ಬೇಕು. 371 ಜೆ ಪ್ರಮಾಣಪತ್ರ ಕೊಡುವವರು ಉಪವಿಭಾಗಾಧಿಕಾರಿ, ಅಂದರೆ ಎಸಿ. ಅಲ್ಲಿ ತಡವಾಗಬಹುದು, ಮೊದಲ ಪಿಯುಸಿಯಲ್ಲೇ ಅರ್ಜಿ ಕೊಟ್ಟಿಡಿ. ಗ್ರಾಮೀಣ ಮತ್ತು ಕನ್ನಡ ಮಾಧ್ಯಮದ ಸರ್ಟಿಫಿಕೇಟಿಗೆ ಹೆಡ್‌ಮಾಸ್ಟರ್ ಜೊತೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಸಹಿ ಬೇಕು.

ಜೆಇಇಗೆ ಇನ್ನೊಂದು ತೊಡಕು. ರಾಜ್ಯದ 2ಎ, 3ಎ, 3ಬಿ ಪ್ರಮಾಣಪತ್ರ ಅಲ್ಲಿ ನಡೆಯುವುದಿಲ್ಲ. ಕೇಂದ್ರದ ನಮೂನೆಯ ಒಬಿಸಿ ಪ್ರಮಾಣಪತ್ರವೇ ಬೇಕು, ಅದೂ ಆ ವರ್ಷದ ಏಪ್ರಿಲ್ 1ರ ನಂತರದ್ದು. ರಾಜ್ಯದ ಪಟ್ಟಿಯಲ್ಲಿರುವ ಎಲ್ಲ ಜಾತಿಗಳೂ ಕೇಂದ್ರದ ಪಟ್ಟಿಯಲ್ಲಿಲ್ಲ. ನಿಮ್ಮದು ಇಲ್ಲದಿದ್ದರೆ ಆರ್ಥಿಕವಾಗಿ ದುರ್ಬಲರಾದವರ ಇಡಬ್ಲ್ಯುಎಸ್‌ಗೆ ಬರುತ್ತೀರಾ ನೋಡಿ. ಅರ್ಜಿಯಲ್ಲಿ ಕೆಟಗರಿ ತಪ್ಪು ತುಂಬಿದರೆ ಸೀಟು ಸಿಕ್ಕ ಮೇಲೆ ಹೋಗುತ್ತದೆ.

ಯಾವ ಬ್ರಾಂಚ್, ಯಾವ ಊರು

ಎಲ್ಲರ ಬಾಯಲ್ಲೂ ಕಂಪ್ಯೂಟರ್ ಸೈನ್ಸ್. ಆಸೆ ಇದ್ದರೆ ಸರಿ. ಆದರೆ ಸುತ್ತ ಒಮ್ಮೆ ನೋಡಿ. ತೋರಣಗಲ್ಲಿನಲ್ಲಿ ಜಿಂದಾಲ್ ಉಕ್ಕಿನ ಕಾರ್ಖಾನೆ, ದೋಣಿಮಲೈಯಲ್ಲಿ ಎನ್‌ಎಂಡಿಸಿ ಗಣಿ, ಹಟ್ಟಿಯಲ್ಲಿ ಚಿನ್ನದ ಗಣಿ, ಶಕ್ತಿನಗರ, ಯರಮರಸ್, ಕುಡತಿನಿಯಲ್ಲಿ ವಿದ್ಯುತ್ ಸ್ಥಾವರ. ಎಲೆಕ್ಟ್ರಿಕಲ್, ಮೆಕ್ಯಾನಿಕಲ್, ಮೆಟಲರ್ಜಿ, ಮೈನಿಂಗ್ ಓದಿದವರು ಇವನ್ನೆಲ್ಲ ನಡೆಸುತ್ತಾರೆ. ಸುರತ್ಕಲ್ಲಿನಲ್ಲಿ ಮೆಟಲರ್ಜಿ, ಮೈನಿಂಗ್ ಎರಡೂ ಇವೆ, ಅವುಗಳ ಕ್ಲೋಸಿಂಗ್ ರ‍್ಯಾಂಕ್ ಕಂಪ್ಯೂಟರ್ ಸೈನ್ಸ್‌ಗಿಂತ ಬಹಳ ಕೆಳಗೆ. ಆ ಓದಿನ ಮೇಲೆ ಮನಸ್ಸಿದ್ದ ಮಗುವಿಗೆ ಇದು ಒಳ್ಳೆ ದಾರಿ. ಮನಸ್ಸಿಲ್ಲದೆ ಬರೀ ಕಾಲೇಜಿನ ಹೆಸರಿಗೆ ಸೇರಬೇಡಿ, ನಾಲ್ಕು ವರ್ಷ ಉದ್ದ.

ದೊಡ್ಡ ಕಾಲೇಜು ಸಿಗಲಿಲ್ಲ ಅಂದರೆ ಬಳ್ಳಾರಿಯಲ್ಲಿ ಬಿಐಟಿಎಂ, ಆರ್‌ವೈಎಂಇಸಿ ಇವೆ. ಕಲಬುರಗಿಯಲ್ಲಿ 1958ರ ಪಿಡಿಎ ಕಾಲೇಜಿದೆ. ರಾಯಚೂರಿನಲ್ಲಿ, ಹೂವಿನಹಡಗಲಿಯಲ್ಲಿ, ಕೊಪ್ಪಳ ಜಿಲ್ಲೆಯ ತಳಕಲ್ಲಿನಲ್ಲಿ ಸರ್ಕಾರಿ ಎಂಜಿನಿಯರಿಂಗ್ ಕಾಲೇಜುಗಳಿವೆ, ಫೀ ಕಡಿಮೆ. ರಾಯಚೂರು ಕೃಷಿ ವಿಶ್ವವಿದ್ಯಾಲಯದಲ್ಲಿ ಕೃಷಿ ಎಂಜಿನಿಯರಿಂಗ್ ಬಿಟೆಕ್ ಇದೆ, ಅದಕ್ಕೂ ಸಿಇಟಿಯೇ, ನಮ್ಮ ನೀರಾವರಿ ಸೀಮೆಯ ಮಕ್ಕಳು ಯಾಕೆ ಅದರ ಕಡೆ ಜಾಸ್ತಿ ನೋಡುವುದಿಲ್ಲವೋ ಗೊತ್ತಿಲ್ಲ. ಸೇರುವ ಮುಂಚೆ ಅಲ್ಲಿ ಈಗ ಮೂರನೇ ವರ್ಷ ಓದುತ್ತಿರುವ ಇಬ್ಬರು ಮೂವರನ್ನು ಮಾತಾಡಿಸಿ. ಲ್ಯಾಬ್ ನಡೆಯುತ್ತಾ, ಮೇಷ್ಟ್ರು ಇದ್ದಾರಾ, ಕಳೆದ ವರ್ಷ ಯಾವ ಕಂಪನಿ ಬಂತು ಅಂತ ಕೇಳಿ. ಜಾಹೀರಾತಿನ ಬ್ಯಾನರ್ ಓದಿ ಸೇರಬೇಡಿ.

ಕೊನೆಗೆ ಆಪ್ಷನ್ ಎಂಟ್ರಿ, ಅಂದರೆ ಬೇಕಾದ ಕಾಲೇಜು, ಬ್ರಾಂಚ್‌ಗಳನ್ನು ಸಾಲಾಗಿ ತುಂಬುವುದು. ಕೆಇಎ ಆಗಲಿ ಜೋಸಾ ಆಗಲಿ, ಸೀಟು ಕೊಡುವುದು ನಿಮ್ಮ ರ‍್ಯಾಂಕ್ ಮತ್ತು ನೀವು ಬರೆದ ಸಾಲು ನೋಡಿ. ಸಿಗುವುದಿಲ್ಲ ಅನಿಸಿದ ಕಾಲೇಜನ್ನು ಮೇಲೆ ಹಾಕಿದರೆ ಕೆಳಗಿನದು ಕೈತಪ್ಪುತ್ತದೆ ಅನ್ನುವುದು ಸುಳ್ಳು. ಮೇಲಿನದು ಸಿಗದಿದ್ದರೆ ಅದೇ ರ‍್ಯಾಂಕಿಗೆ ಮುಂದಿನದನ್ನು ನೋಡುತ್ತಾರೆ, ಅಷ್ಟೇ. ಆದ್ದರಿಂದ ಮನಸ್ಸಿಗೆ ಬೇಕಾದದ್ದು ಮೊದಲು, ಆಮೇಲೆ ಎರಡನೆಯದು, ಹಾಗೆ ಇಳಿಯುತ್ತಾ ಹೋಗಿ, ಕೆಳಗೆ ಖಂಡಿತ ಸಿಗುವಂಥವು ಸಾಕಷ್ಟು ಇರಲಿ. ಸೇರಲು ಇಷ್ಟವೇ ಇಲ್ಲದ್ದನ್ನು ಮಾತ್ರ ಬರೆಯಬೇಡಿ. ಕೆಇಎ ಮೊದಲು ಅಣಕು ಹಂಚಿಕೆ ತೋರಿಸುತ್ತದೆ, ಅದನ್ನು ನೋಡಿ ಪಟ್ಟಿ ಬದಲಿಸಲು ಅವಕಾಶ ಇದೆ. ನಿಜವಾದ ಸೀಟು ಬಂದಾಗ ಮೇಲಿನದಕ್ಕೆ ಇನ್ನೂ ಆಸೆ ಇದ್ದರೆ ಚಾಯ್ಸ್ 2 ಒತ್ತಿ, ಕೈಯಲ್ಲಿದ್ದದ್ದು ಉಳಿಯುತ್ತದೆ, ಮುಂದಿನ ಸುತ್ತಿನಲ್ಲಿ ಮೇಲಿನದು ಸಿಕ್ಕರೆ ಅದಕ್ಕೆ ಹೋಗುತ್ತೀರಿ. ಚಾಯ್ಸ್ 3 ಒತ್ತಿದರೆ ಕೈಯಲ್ಲಿದ್ದದ್ದು ಬಿಟ್ಟಂತೆ, 4 ಒತ್ತಿದರೆ ಕೌನ್ಸೆಲಿಂಗ್‌ನಿಂದಲೇ ಹೊರಗೆ. ಸೈಬರ್ ಸೆಂಟರಿನವರ ಕೈಗೆ ಪಾಸ್‌ವರ್ಡ್ ಕೊಟ್ಟು ಮನೆಗೆ ಬರಬೇಡಿ, ಪಕ್ಕದಲ್ಲೇ ಕುಳಿತು ನೀವೇ ಒತ್ತಿ, ಪ್ರಿಂಟ್ ತೆಗೆದುಕೊಂಡೇ ಏಳಿ.